ಲಾರಿಯ ಹಿಂದಿನಿಂದ ಬಂದ ಸದ್ದು

ಮಕ್ಕಳೇ, ನಿಮ್ಮ ಶಾಲೆಯ ಮುಂದೆ ಲಾರಿಯೊಂದು ಹಾದುಹೋಗುವಾಗ ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿ. ಎಷ್ಟು ಬಗೆಯ ಸದ್ದುಗಳು ಕೇಳಿಸುತ್ತವೆ? ಇಂಜಿನ್ನಿನ ಗುಡುಗು, ಟಯರಿನ ಸುಯ್ಯೆನ್ನುವ ಸದ್ದು, ಹಿಂಬದಿ ಬಾಗಿಲಿನ ಲೊಟಲೊಟ, ಸರಪಳಿಯ ಝಣಝಣ. ನಮಗೆ ಇವೆಲ್ಲ ಸೇರಿ ಒಂದೇ ಗದ್ದಲ. ಆದರೆ ಲಾರಿ ಓಡಿಸುವವರಿಗೆ, ರಿಪೇರಿ ಮಾಡುವವರಿಗೆ ಪ್ರತಿಯೊಂದು ಸದ್ದೂ ಒಂದೊಂದು ಸುದ್ದಿ ಹೇಳುತ್ತದೆ.

ನಾನೀಗ ನಿಮ್ಮಂಥ ಮಕ್ಕಳಿಗೆ ವಿಜ್ಞಾನ ಕಲಿಸುವ ಶಿಕ್ಷಕಿ. ಆದರೆ ವಿಜ್ಞಾನದ ಮೊದಲ ಪಾಠವನ್ನು ನಾನು ಕಲಿತದ್ದು ಒಂದು ಲಾರಿ ಗ್ಯಾರೇಜಿನಲ್ಲಿ. ಅದೂ ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದು! ಆ ಕತೆಯನ್ನು ಇಂದು ನಿಮಗೆ ಹೇಳುತ್ತೇನೆ.

ಅಪ್ಪನ ಕಿವಿ

ನನ್ನ ಅಪ್ಪ ಲಾರಿ ಓಡಿಸುತ್ತಿದ್ದರು. ನಮ್ಮ ಮನೆ ಹಿರಿಯೂರಿನಲ್ಲಿತ್ತು. ಸಾಲ ಮಾಡಿ ಕೊಂಡ ಹಳೆಯ ಲಾರಿ ಅದು. ಚಳ್ಳಕೆರೆ ಕಡೆಯ ಈರುಳ್ಳಿಯನ್ನು ಬೆಂಗಳೂರಿಗೆ ಒಯ್ಯುವುದು, ಬರುವಾಗ ಸಿಕ್ಕ ಸರಕು ತರುವುದು ಅಪ್ಪನ ಕೆಲಸ. ಲಾರಿ ಓಡಿದರೆ ಬಾಡಿಗೆ, ಬಾಡಿಗೆ ಬಂದರೆ ಸಾಲದ ಕಂತು. ಲಾರಿ ನಿಂತರೆ ಮನೆಯೇ ನಿಂತ ಹಾಗೆ.

ಆ ಲಾರಿಯ ಇಂಜಿನ್ ಕ್ಯಾಬಿನ್ನಿನ ಒಳಕ್ಕೆ ಚಾಚಿಕೊಂಡು, ಅಪ್ಪನ ಎಡ ಮಗ್ಗುಲಲ್ಲೇ ಕೂತಿರುತ್ತಿತ್ತು. ಹದಿನೈದು ವರ್ಷ ಅದರ ಗುಡುಗನ್ನು ಕೇಳಿ ಕೇಳಿ ಅಪ್ಪನ ಕಿವಿ ಮಂದವಾಗತೊಡಗಿತ್ತು. ಎದುರಿಗೆ ಕೂತು ಮಾತಾಡಿದರೆ ಚೆನ್ನಾಗಿ ಕೇಳುತ್ತಿತ್ತು. ಆದರೆ ಗದ್ದಲದ ನಡುವೆ ಒಂದು ಸಣ್ಣ ಸದ್ದನ್ನು ಬೇರೆ ಮಾಡಿ ಕೇಳುವುದು ಅವರಿಗೆ ಕಷ್ಟವಾಗಿತ್ತು.

ಹಾಗಾಗಿ ರಜೆಯಲ್ಲಿ ನಾನು ಲಾರಿ ಹತ್ತಿದರೆ ಅಪ್ಪನಿಗೆ ಖುಷಿ. "ನಂಗೇನು, ನನ್ನ ಮಗಳ ಕಿವಿ ಇದೆ" ಎಂದು ದಾರಿಯ ಹೋಟೆಲಿನವರ ಮುಂದೆಲ್ಲ ಹೇಳುತ್ತಿದ್ದರು. ನನಗೂ ಹೆಮ್ಮೆ. ಆಗ ನಾನು ಐದನೆಯ ತರಗತಿ. 1987ರ ದಸರಾ ರಜೆ.

ಅಂದು ಬೆಂಗಳೂರಿನಲ್ಲಿ ಈರುಳ್ಳಿ ಇಳಿಸಿ, ಖಾಲಿ ಲಾರಿಯಲ್ಲಿ ಮರಳುತ್ತಿದ್ದೆವು. ಸಿರಾ ದಾಟಿದ ಮೇಲೆ ಅಪ್ಪ ಹುಬ್ಬು ಗಂಟು ಹಾಕಿದರು. ಸೀಟಿನ ಕೆಳಗೆ ಏನೋ ನಡುಕ ಅವರಿಗೆ ತಿಳಿದಿತ್ತು. "ಪುಟ್ಟಿ, ಹಿಂದಿನಿಂದ ಏನಾದ್ರೂ ಸದ್ದು ಬರ್ತಿದೆಯಾ?" ಎಂದು ಕೇಳಿದರು.

ಸದ್ದು ಬರುತ್ತಿತ್ತು. ಗೊರ್‍ರ್ ಎಂದು, ದೂರದಲ್ಲಿ ಹಿಟ್ಟಿನ ಗಿರಣಿ ಓಡಿದಂತೆ.

ನಾನು ಬಾಯಿ ತೆರೆಯುವ ಮೊದಲೇ ಕ್ಲೀನರ್ ಹುಡುಗ, "ಡಿಫರೆನ್ಷಿಯಲ್ ಹೋಗಿದೆ ಅಣ್ಣ. ಕ್ರೌನ್ ಹಲ್ಲು ಸವೆದ್ರೆ ಹಿಂಗೇ. ಆಕ್ಸಿಲರೇಟರ್ ಒತ್ತಿದ್ರೆ ಕೂಗುತ್ತೆ, ಬಿಟ್ರೆ ನಿಲ್ಲುತ್ತೆ" ಎಂದ.

ಅಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆದರು. "ಈಗ ನಿಂತಿತೇನೇ?"

ನಾನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ಕ್ಲೀನರ್ ಅಷ್ಟು ತಿಳಿದವನಂತೆ ಹೇಳಿದ್ದ. ನಾನೂ ತಿಳಿದವಳಂತೆ ಕಾಣಬೇಕಿತ್ತು. "ಹೂಂ ಅಪ್ಪ, ನಿಂತುಹೋಯ್ತು" ಎಂದುಬಿಟ್ಟೆ.

ಮುಂದೇನಾಯಿತು ಎಂದು ಹೇಳುವ ಮೊದಲು, ಈ ಡಿಫರೆನ್ಷಿಯಲ್ ಎಂದರೇನು ಎಂದು ತಿಳಿಯೋಣ ಬನ್ನಿ.

ಎತ್ತಿನ ಗಾಡಿಗೆ ಬೇಡವಾದದ್ದು ಲಾರಿಗೆ ಏಕೆ ಬೇಕು?

ಐದು ಜನ ಕೈ ಕೈ ಹಿಡಿದು ಒಂದೇ ಸಾಲಿನಲ್ಲಿ ನಿಲ್ಲಿ. ಸಾಲು ಮುರಿಯದಂತೆ ಎಡಕ್ಕೆ ತಿರುಗಿ. ಎಡ ತುದಿಯವರು ನಿಂತಲ್ಲೇ ಹೆಜ್ಜೆ ಹಾಕಿದರೆ, ಬಲ ತುದಿಯವರು ಓಡಬೇಕಾಗುತ್ತದೆ ಅಲ್ಲವೇ? ಲಾರಿಯ ಚಕ್ರಗಳಿಗೂ ಇದೇ ಪಾಡು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ.

ಎಷ್ಟು ಹೆಚ್ಚು? ಎಡ ಬಲ ಚಕ್ರಗಳ ನಡುವೆ 1.8 ಮೀಟರ್ ಅಂತರ ಇದೆ ಎಂದುಕೊಳ್ಳಿ. ಲಾರಿ ಒಂದು ಪೂರ್ತಿ ಸುತ್ತು ತಿರುಗಿದರೆ ಹೊರಗಿನ ಚಕ್ರ ಸುಮಾರು 11.3 ಮೀಟರ್ ಹೆಚ್ಚು ಓಡುತ್ತದೆ. ಸುತ್ತು ದೊಡ್ಡದಿರಲಿ, ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ. ಏಕೆ? ವೃತ್ತದ ಪರಿಧಿಯ ಸೂತ್ರ ಗೊತ್ತಿದ್ದರೆ ನೀವೇ ಲೆಕ್ಕ ಹಾಕಿ ನೋಡಿ.

ಎತ್ತಿನ ಗಾಡಿಗೆ ಇದು ತೊಂದರೆಯೇ ಅಲ್ಲ. ಅದರ ಅಚ್ಚು ತಿರುಗುವುದಿಲ್ಲ. ಎರಡು ಚಕ್ರಗಳೂ ಅಚ್ಚಿನ ತುದಿಗಳಲ್ಲಿ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಗಾಡಿಯನ್ನು ಎಳೆಯುವುದು ಎತ್ತು. ಆದರೆ ಲಾರಿಯಲ್ಲಿ ಇಂಜಿನ್ನೇ ಹಿಂದಿನ ಚಕ್ರಗಳನ್ನು ತಿರುಗಿಸಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಒಂದು ಚಕ್ರ ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಎರಡಕ್ಕೂ ಶಕ್ತಿ ಕೊಡಬೇಕು, ಆದರೆ ಬೇರೆ ಬೇರೆ ವೇಗದಲ್ಲಿ ತಿರುಗಲೂ ಬಿಡಬೇಕು. ಈ ಎರಡೂ ಕೆಲಸ ಮಾಡುವುದೇ ಡಿಫರೆನ್ಷಿಯಲ್. ಫ್ರಾನ್ಸಿನ ಗಡಿಯಾರ ತಜ್ಞ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲಿ ಉಗಿಬಂಡಿಗಾಗಿ ಇದನ್ನು ರೂಪಿಸಿದ.

ಲಾರಿಯ ಹಿಂದೆ ನಿಂತು ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ದಪ್ಪ ಕೊಳವೆ, ಅದರ ಮಧ್ಯದಲ್ಲಿ ಕುಂಬಳಕಾಯಿಯಂಥ ಒಂದು ಉಬ್ಬು ಕಾಣುತ್ತದೆ. ಅದಕ್ಕೆ ಗ್ಯಾರೇಜಿನಲ್ಲಿ ಹೌಸಿಂಗ್ ಎನ್ನುತ್ತಾರೆ. ಇಂಜಿನ್ ಕಡೆಯಿಂದ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತ ಬಂದು ಆ ಉಬ್ಬಿನೊಳಗೆ ಸೇರುತ್ತದೆ. ಅದರ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಕ್ರೌನಿಗೆ ಬಿಗಿದ ಪೆಟ್ಟಿಗೆಯೊಳಗೆ ಸ್ಟಾರ್ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರಗಳಿವೆ. ಅವುಗಳ ಎಡಕ್ಕೊಂದು, ಬಲಕ್ಕೊಂದು ಹಲ್ಲುಚಕ್ರ. ಅಲ್ಲಿಂದ ಹೊರಟ ಎರಡು ಆಕ್ಸಲ್ ಸರಳುಗಳು ಎಡ ಬಲ ಚಕ್ರಗಳನ್ನು ತಿರುಗಿಸುತ್ತವೆ.

ಸ್ಟಾರ್ ಪಿನಿಯನ್ನಿನ ಕೆಲಸ ನೊಗದಂತೆ. ನೊಗ ಎರಡು ಎತ್ತುಗಳಿಗೂ ಭಾರವನ್ನು ಸಮನಾಗಿ ಹಂಚುತ್ತದೆ. ಒಂದು ಎತ್ತು ಅರ್ಧ ಹೆಜ್ಜೆ ಮುಂದೆ ಹೋದರೆ ನೊಗ ಓರೆಯಾಗುತ್ತದೆ, ಮುರಿಯುವುದಿಲ್ಲ. ಸ್ಟಾರ್ ಪಿನಿಯನ್ ಸುತ್ತುತ್ತಲೇ ಓರೆಯಾಗಬಲ್ಲ ನೊಗ ಎನ್ನಬಹುದು. ನೇರ ರಸ್ತೆಯಲ್ಲಿ ಅದು ತನ್ನ ಸುತ್ತ ತಾನು ತಿರುಗುವುದಿಲ್ಲ. ಪೆಟ್ಟಿಗೆಯ ಜೊತೆ ಸುಮ್ಮನೆ ಸವಾರಿ ಹೋಗುತ್ತದೆ. ತಿರುವು ಬಂದಾಗ ಮಾತ್ರ ತಿರುಗಿ, ಒಂದು ಚಕ್ರದಿಂದ ಕಳೆದ ವೇಗವನ್ನು ಇನ್ನೊಂದಕ್ಕೆ ಕೂಡಿಸುತ್ತದೆ.

ಕೆಸರಿನಲ್ಲಿ ಹೂತ ಲಾರಿಯ ಒಂದು ಚಕ್ರ ಗಿರ್ರನೆ ತಿರುಗುತ್ತ ಇನ್ನೊಂದು ಅಲುಗದೆ ನಿಂತಿರುವುದನ್ನು ನೀವು ನೋಡಿರಬಹುದು. ಅದೂ ಈ ನೊಗದ ಆಟವೇ. ಜಾರುವ ಚಕ್ರಕ್ಕೆ ಎಷ್ಟು ಕಡಿಮೆ ಬಲ ಸಾಕೋ, ಅಷ್ಟೇ ಬಲ ಇನ್ನೊಂದಕ್ಕೂ ಸಿಗುತ್ತದೆ. ಲಾರಿ ಏಳುವುದಿಲ್ಲ.

ಹೌಸಿಂಗ್ ಬಿಚ್ಚಿದರು

ಈಗ ಕತೆಗೆ ಮರಳೋಣ. ಹಿರಿಯೂರಿನ ಹೊರಗೆ ಅಪ್ಪನಿಗೆ ಪರಿಚಯದ ಒಂದು ಗ್ಯಾರೇಜ್. ಆಯುಧಪೂಜೆ ಹತ್ತಿರವಾಗಿದ್ದರಿಂದ ಲಾರಿಗಳ ಸಾಲು. ಮೇಸ್ತ್ರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಅಪ್ಪ, "ಡಿಫರೆನ್ಷಿಯಲ್ ಸದ್ದು ಮೇಸ್ತ್ರಿ. ಕಾಲು ತೆಗೆದ್ರೆ ನಿಲ್ಲುತ್ತೆ. ನನ್ನ ಮಗಳು ಕೇಳಿದಾಳೆ" ಎಂದರು. ಮೇಸ್ತ್ರಿ ನನ್ನ ಕಡೆ ನೋಡಿ ನಕ್ಕರು. ಲಾರಿಯನ್ನು ಓಡಿಸಿ ನೋಡಲಿಲ್ಲ.

ಹೌಸಿಂಗಿನ ಎಣ್ಣೆಯನ್ನು ಬೇಸಿನ್ನಿಗೆ ಬಸಿದರು. ಎರಡೂ ಆಕ್ಸಲ್ ಸರಳುಗಳನ್ನು ಎಳೆದು ತೆಗೆದರು. ಇಬ್ಬರು ಹಿಡಿದು ಭಾರವಾದ ಕ್ರೌನ್ ಪಿನಿಯನ್ ಜೋಡಿಯನ್ನು ಹೊರಗಿಳಿಸಿದರು. ಅಷ್ಟರಲ್ಲಿ ಸಂಜೆಯಾಯಿತು.

ಮೇಸ್ತ್ರಿ ಬಸಿದ ಎಣ್ಣೆಯನ್ನು ಎರಡು ಬೆರಳಿನ ನಡುವೆ ಉಜ್ಜಿ ಬೆಳಕಿಗೆ ಹಿಡಿದರು. ಕಬ್ಬಿಣದ ಚೂರು ಇರಲಿಲ್ಲ. ಕ್ರೌನಿನ ಹಲ್ಲುಗಳಿಗೆ ಬಣ್ಣ ಬಳಿದು ಪಿನಿಯನ್ ತಿರುಗಿಸಿದರು. ಹಲ್ಲಿಗೆ ಹಲ್ಲು ತಾಗಿದ ಕಡೆ ಬಣ್ಣ ಅಳಿಸಿ ಗುರುತು ಮೂಡುತ್ತದೆ. ಗುರುತು ಹಲ್ಲಿನ ಅಂಚಿಗೆ ಸರಿದಿದ್ದರೆ ಜೋಡಣೆ ತಪ್ಪಿದೆ ಎಂದರ್ಥ. ಇಲ್ಲಿ ಎಲ್ಲ ಹಲ್ಲುಗಳಲ್ಲೂ ಗುರುತು ನಟ್ಟನಡುವೆ ಇತ್ತು.

"ಇದಕ್ಕೇನೂ ಆಗಿಲ್ವಲ್ಲ ಅಣ್ಣ!" ಎಂದರು ಮೇಸ್ತ್ರಿ.

ಅಪ್ಪ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಚಳ್ಳಕೆರೆಯಲ್ಲಿ ಲೋಡು ತುಂಬಬೇಕಿತ್ತು. ಆ ಬಾಡಿಗೆ ಬೇರೆ ಲಾರಿಗೆ ಹೋಯಿತು. ಹಬ್ಬಕ್ಕೆ ಅಮ್ಮನಿಗೆ ಸೀರೆ ತರುವ ಮಾತಿತ್ತು. ಆ ರಾತ್ರಿ ಮನೆಯಲ್ಲಿ ಆ ಮಾತೇ ಬರಲಿಲ್ಲ.

ಬೆಳಿಗ್ಗೆ ಮತ್ತೆ ಗ್ಯಾರೇಜಿಗೆ ಹೋದೆವು. ಮೇಸ್ತ್ರಿ ನನ್ನನ್ನು ಒಂದು ಹಳೆಯ ಟಯರಿನ ಮೇಲೆ ಕೂರಿಸಿ, "ಪಾಪು, ನಿಜವಾಗಿ ನಿನಗೆ ಏನು ಕೇಳಿಸ್ತು?" ಎಂದು ಕೇಳಿದರು. ನನಗೆ ಅಳು ಬಂತು. "ನಾನು ಕೇಳಿಸ್ಕೊಳ್ಳಲೇ ಇಲ್ಲ. ಕ್ಲೀನರಣ್ಣ ಹೇಳಿದ್ದನ್ನೇ ಹೇಳಿದೆ" ಎಂದೆ.

ಅಪ್ಪ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಪುಟ್ಟಿ, ನಂಗೆ ಕೇಳಿಸಲ್ಲ ಅಂತ ತಾನೇ ನಿನ್ನ ಕೇಳಿದ್ದು? ಕೇಳಿಸಿದ್ದನ್ನ ಕೇಳಿಸಿದ ಹಾಗೆ ಹೇಳು. ಗೊತ್ತಾಗದಿದ್ರೆ ಗೊತ್ತಾಗಲಿಲ್ಲ ಅನ್ನು. ಅದರಿಂದ ಯಾರಿಗೂ ನಷ್ಟ ಇಲ್ಲ" ಎಂದರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು.

ಮೇಸ್ತ್ರಿ, "ನನ್ನದೂ ತಪ್ಪಿದೆ. ಓಡಿಸಿ ನೋಡದೆ ಬಿಚ್ಚಬಾರದಿತ್ತು. ಸದ್ದು ಕೇಳೋದು ಅಂದ್ರೆ ಸುಮ್ನೆ ಕೇಳೋದಲ್ಲ ಪಾಪು, ಸದ್ದಿಗೆ ಪ್ರಶ್ನೆ ಕೇಳೋದು. ಬಾ, ಈಗ ಕೇಳೋಣ" ಎಂದರು.

ಸದ್ದಿಗೆ ಕೇಳಿದ ಪ್ರಶ್ನೆಗಳು

ಕ್ರೌನ್ ಪಿನಿಯನ್ ಮರಳಿ ಜೋಡಿಸಿ, ಎಣ್ಣೆ ತುಂಬಿ, ಲಾರಿಯನ್ನು ಜನವಿಲ್ಲದ ಸಮತಟ್ಟಾದ ರಸ್ತೆಗೆ ಒಯ್ದೆವು. ಮೇಸ್ತ್ರಿ ಓಡಿಸಿದರು. ನನ್ನ ಕೈಯಲ್ಲಿ ಶಾಲೆಯ ನೋಟುಪುಸ್ತಕ. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಬೇಕು, ಕೇಳಿಸಿದ್ದನ್ನು ಬರೆಯಬೇಕು, ಏಕೆಂದು ಊಹಿಸಬಾರದು. ಇದು ಮೇಸ್ತ್ರಿಯ ನಿಯಮ.

ಮೊದಲನೆಯ ಪ್ರಶ್ನೆ: ಸದ್ದು ಇಂಜಿನ್ನಿನದೇ? ಲಾರಿ ನಿಲ್ಲಿಸಿ ಇಂಜಿನ್ ಜೋರು ಮಾಡಿದರು. ಗೊರ್‍ರ್ ಇಲ್ಲ. ಹಾಗಾದರೆ ಇಂಜಿನ್ನಿನದಲ್ಲ.

ಎರಡನೆಯದು: ಟಯರಿನದೇ? ಡಾಂಬರು ಬಿಟ್ಟು ಮಣ್ಣಿನ ಅಂಚಿಗೆ ಇಳಿಸಿದರು. ಟಯರಿನ ಸದ್ದು ನೆಲ ಬದಲಾದರೆ ಬದಲಾಗುತ್ತದೆ. ಗೊರ್‍ರ್ ಬದಲಾಗಲಿಲ್ಲ.

ಮೂರನೆಯದು: ಕ್ರೌನ್ ಪಿನಿಯನ್ ಹಲ್ಲಿನದೇ? ಆಕ್ಸಿಲರೇಟರ್ ಒತ್ತಿದಾಗ ಪಿನಿಯನ್ ಕ್ರೌನನ್ನು ತಳ್ಳುತ್ತದೆ. ಕಾಲು ತೆಗೆದಾಗ ಓಡುವ ಚಕ್ರಗಳೇ ಕ್ರೌನಿನ ಮೂಲಕ ಪಿನಿಯನ್ನನ್ನು ತಳ್ಳುತ್ತವೆ. ಒಂದು ಸಲ ಹಲ್ಲಿನ ಒಂದು ಮುಖ, ಇನ್ನೊಂದು ಸಲ ಅದರ ಬೆನ್ನು. ಹಾಗಾಗಿ ಹಲ್ಲಿನ ಸದ್ದಾದರೆ ಕಾಲು ಒತ್ತಿ ಬಿಟ್ಟಾಗ ಅದರ ಬಗೆ ಬದಲಾಗುತ್ತದೆ. ಕ್ಲೀನರ್ ಹೇಳಿದ ನಿಯಮ ತಪ್ಪಾಗಿರಲಿಲ್ಲ. ಆದರೆ ನಮ್ಮ ಲಾರಿ ಅದನ್ನು ಹೇಳುತ್ತಿರಲಿಲ್ಲ. ಈ ಸಲ ಕಿವಿಗೊಟ್ಟು ಕೇಳಿದೆ. ಮೇಸ್ತ್ರಿ ಕಾಲು ಒತ್ತಿದರು, ತೆಗೆದರು. ಗೊರ್‍ರ್ ಹಾಗೇ ಇತ್ತು. "ನಿಲ್ಲಲಿಲ್ಲ" ಎಂದು ಬರೆದೆ. ಆ ಒಂದು ಪದ ಬರೆಯುವಾಗ ಕೈ ನಡುಗಿದ್ದು ಇನ್ನೂ ನೆನಪಿದೆ.

ನಾಲ್ಕನೆಯದು: ಸ್ಟಾರ್ ಪಿನಿಯನ್ನಿನದೇ? ಬಯಲಿನಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಿಸಿದರು. ಅವು ತಿರುವಿನಲ್ಲಿ ಮಾತ್ರ ಕೆಲಸ ಮಾಡುವುದರಿಂದ ಅವುಗಳ ಸದ್ದೂ ತಿರುವಿನಲ್ಲಿ ಮಾತ್ರ ಬರಬೇಕು. ನಮ್ಮ ಗೊರ್‍ರ್ ನೇರ ರಸ್ತೆಯಲ್ಲೂ ಇತ್ತು.

ಐದನೆಯದು: ಹೊರಡುವಾಗ ಟಕ್ ಎನ್ನುತ್ತದೆಯೇ? ಹಲ್ಲುಗಳ ನಡುವೆ, ಜಾಯಿಂಟುಗಳಲ್ಲಿ ಸಡಿಲ ಹೆಚ್ಚಾದರೆ ಕ್ಲಚ್ ಬಿಟ್ಟ ಕೂಡಲೇ ಒಂದು ಏಟು ಕೇಳಿಸುತ್ತದೆ. ಅದೂ ಇರಲಿಲ್ಲ.

ಆರನೆಯದು: ಭಾರ ಒಂದು ಬದಿಗೆ ವಾಲಿದರೆ? ಮೇಸ್ತ್ರಿ ಓಡುತ್ತಿರುವ ಲಾರಿಯನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ಹೊರಳಿಸಿದರು. ಬಲಕ್ಕೆ ಹೊರಳಿದಾಗಲೆಲ್ಲ ಗೊರ್‍ರ್ ಜೋರಾಯಿತು. ಎಡಕ್ಕೆ ಹೊರಳಿದಾಗ ತಗ್ಗಿತು. ನಾನು ಕೂಗಿ ಹೇಳಿದೆ. ಮೇಸ್ತ್ರಿ ಇನ್ನೂ ಎರಡು ಸಲ ಹಾಗೇ ಮಾಡಿ ನೋಡಿದರು. ಎರಡು ಸಲವೂ ಅದೇ ಉತ್ತರ.

ಬಸ್ಸು ಬಲಕ್ಕೆ ತಿರುಗಿದಾಗ ನೀವು ಯಾವ ಕಡೆಗೆ ವಾಲುತ್ತೀರಿ? ಎಡಕ್ಕೆ. ಲಾರಿಯ ಭಾರವೂ ಹಾಗೇ ಎಡ ಚಕ್ರದ ಮೇಲೆ ಬೀಳುತ್ತದೆ. ಎಡ ಚಕ್ರದ ಮೇಲೆ ಭಾರ ಬಿದ್ದಾಗ ಸದ್ದು ಹೆಚ್ಚಿದರೆ ಯಾರನ್ನು ಅನುಮಾನಿಸಬೇಕು?

ಕಿವಿಗೆ ಸ್ಕ್ರೂಡ್ರೈವರ್

ಅನುಮಾನ ಸಾಲದು, ಖಚಿತವಾಗಬೇಕು. ಗ್ಯಾರೇಜಿಗೆ ಮರಳಿ ಇಂಜಿನ್ ಆರಿಸಿ, ಜಾಕ್ ಕೊಟ್ಟು, ಕೆಳಗೆ ಮರದ ದಿಮ್ಮಿ ಇಟ್ಟು ಲಾರಿಯನ್ನು ಭದ್ರ ಮಾಡಿದರು. ಎರಡೂ ಆಕ್ಸಲ್ ಸರಳುಗಳನ್ನು ಮತ್ತೆ ಎಳೆದರು. ಈಗ ಚಕ್ರಗಳಿಗೂ ಡಿಫರೆನ್ಷಿಯಲ್ಲಿಗೂ ಸಂಬಂಧವೇ ಇಲ್ಲ. ಎತ್ತಿನ ಗಾಡಿಯ ಚಕ್ರದಂತೆ ಅವು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಈಗಲೂ ಸದ್ದು ಬಂದರೆ ಅದು ಚಕ್ರದ ಹಬ್ಬಿನೊಳಗಿನ ಬೇರಿಂಗಿನದೇ ಆಗಬೇಕು.

ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ಅದರ ತುದಿಯನ್ನು ಅಚ್ಚಿನ ಕೊಳವೆಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಇಟ್ಟರು. ಕೊಳವೆ ತಿರುಗುವುದಿಲ್ಲ, ಆದ್ದರಿಂದ ಅಪಾಯವಿಲ್ಲ. ಅಪ್ಪ ಬಲ ಚಕ್ರವನ್ನು ಕೈಯಿಂದ ತಿರುಗಿಸಿದರು. ಮೇಸ್ತ್ರಿ ನನಗೂ ಕೇಳಲು ಕೊಟ್ಟರು. ನುಣುಪಾದ ಸುಯ್ಯ್. ಆಮೇಲೆ ಎಡ ಚಕ್ರ. ಗೊರಗೊರಗೊರ! ಬೀಸುವ ಕಲ್ಲಿನ ಮೇಲೆ ಕಿವಿ ಇಟ್ಟ ಹಾಗಿತ್ತು.

ಮೊದಲು ಚೆನ್ನಾಗಿರುವ ಚಕ್ರವನ್ನು ಕೇಳಿದ್ದು ಏಕೆ ಗೊತ್ತೇ? ಸರಿಯಾದದ್ದು ಹೇಗೆ ಕೇಳುತ್ತದೆ ಎಂದು ತಿಳಿಯದಿದ್ದರೆ ಕೆಟ್ಟದ್ದನ್ನು ಗುರುತಿಸುವುದು ಹೇಗೆ? ಪ್ರಯೋಗಶಾಲೆಯಲ್ಲೂ ಹೀಗೆಯೇ ಹೋಲಿಸಿ ನೋಡುತ್ತಾರೆ.

ಸದ್ದು ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,000 ಮೀಟರ್ ವೇಗದಲ್ಲಿ ಸಾಗುತ್ತದೆ. ಗಾಳಿಯಲ್ಲಿ ಸುಮಾರು 340 ಮೀಟರ್ ಮಾತ್ರ. ಸ್ಕ್ರೂಡ್ರೈವರ್ ತಾನು ಮುಟ್ಟಿದ ಜಾಗದ ಕಂಪನವನ್ನು ಗಾಳಿಯಲ್ಲಿ ಚದುರಲು ಬಿಡದೆ ನೇರ ಕಿವಿಗೆ ತರುತ್ತದೆ. 1816ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಹೃದಯದ ಬಡಿತ ಕೇಳಿದ. ಸ್ಟೆತೊಸ್ಕೋಪ್ ಹುಟ್ಟಿದ್ದು ಹೀಗೆ. ಮೇಸ್ತ್ರಿಯ ಸ್ಕ್ರೂಡ್ರೈವರ್ ಅದರ ಹತ್ತಿರದ ನೆಂಟ!

ಎಡ ಹಬ್ ಬಿಚ್ಚಿದಾಗ ಬೇರಿಂಗಿನ ಉರುಳೆಗಳ ಮೇಲೆ ಸಿಡುಬಿನ ಕಲೆಯಂಥ ಗುಳಿಗಳಿದ್ದವು. ಗ್ರೀಸು ಹಾಲು ಬೆರೆಸಿದಂತೆ ಬೆಳ್ಳಗಾಗಿತ್ತು. ನೀರು ಸೇರಿದ ಗುರುತು ಅದು. ಈರುಳ್ಳಿ ತುಂಬಲು ಹೊಲದ ದಾರಿಯಲ್ಲಿ ಹೋದಾಗ ಅಪ್ಪ ಒಂದು ಹಳ್ಳದ ನೀರಿನಲ್ಲಿ ಲಾರಿ ದಾಟಿಸಿದ್ದರು. ಬ್ರೇಕು ಹಿಡಿದು ಬಿಸಿಯಾಗಿದ್ದ ಹಬ್ ತಟಕ್ಕನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ. ಸವೆದ ಸೀಲಿನ ಸಂದಿಯಿಂದ ನೀರನ್ನೂ ಕೆಸರನ್ನೂ ಒಳಗೆಳೆಯುತ್ತದೆ. ಗ್ರೀಸು ಕೆಟ್ಟಿತು, ಘರ್ಷಣೆ ಹೆಚ್ಚಿತು, ಉರುಳೆ ಸವೆಯಿತು.

"ಲೋಡು ಹಾಕ್ಕೊಂಡು ಇನ್ನೊಂದೆರಡು ಟ್ರಿಪ್ ಓಡಿಸಿದ್ರೆ ಬೇರಿಂಗ್ ಸಿಕ್ಕಿಹಾಕ್ಕೊಂಡು ಚಕ್ರವೇ ಕಳಚ್ತಿತ್ತು ಅಣ್ಣ" ಎಂದರು ಮೇಸ್ತ್ರಿ. ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟರು. ಕೈ ತೆಗೆಯಲು ತುಂಬ ಹೊತ್ತಾಯಿತು.

ಕ್ಲೀನರ್ ಹುಡುಗ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗಿ ಹೊಸ ಬೇರಿಂಗ್ ತಂದ. ಹೌಸಿಂಗ್ ಬಿಚ್ಚಿ ಹಾಕಿದ ಕೂಲಿಯನ್ನು ಮೇಸ್ತ್ರಿ ತೆಗೆದುಕೊಳ್ಳಲಿಲ್ಲ. ಆಯುಧಪೂಜೆಯ ದಿನ ಗ್ಯಾರೇಜಿನಲ್ಲಿ ಸ್ಪ್ಯಾನರುಗಳ ಸಾಲಿನ ನಡುವೆ ಆ ಉದ್ದನೆಯ ಸ್ಕ್ರೂಡ್ರೈವರಿಗೆ ಕುಂಕುಮ ಇಡುವ ಕೆಲಸವನ್ನು ನನಗೇ ಕೊಟ್ಟರು.

ಸದ್ದಿನಲ್ಲೂ ಗಣಿತ

ಅಂದು ಬಿಚ್ಚಿಟ್ಟಿದ್ದ ಹಲ್ಲುಚಕ್ರಗಳ ಹಲ್ಲುಗಳನ್ನು ನಾನು ಎಣಿಸಿದ್ದೆ. ಪಿನಿಯನ್ನಿಗೆ 6, ಕ್ರೌನಿಗೆ 41. ಕ್ರೌನ್ ಒಂದು ಸುತ್ತು ಬರಲು ಪಿನಿಯನ್ ಸುಮಾರು 6.83 ಸುತ್ತು ಬರಬೇಕು.

42 ಹಲ್ಲು ಇಟ್ಟಿದ್ದರೆ ಲೆಕ್ಕ ಸುಲಭವಾಗುತ್ತಿತ್ತಲ್ಲ ಎಂದು ಆಗ ಅನಿಸಿತ್ತು. ಕಾರಣ ತಿಳಿದದ್ದು ಲಸಾಅ ಕಲಿತ ಮೇಲೆ. 42 ಇದ್ದರೆ ಪಿನಿಯನ್ನಿನ ಒಂದು ಹಲ್ಲು ಯಾವಾಗಲೂ ಕ್ರೌನಿನ ಅದೇ 7 ಹಲ್ಲುಗಳನ್ನು ತಾಗುತ್ತದೆ. ಒಂದು ಹಲ್ಲು ಒರಟಾಗಿದ್ದರೆ ಅದೇ ಏಳನ್ನು ತೇಯುತ್ತ ಹೋಗುತ್ತದೆ. 6 ಮತ್ತು 41ಕ್ಕೆ 1ರ ಹೊರತು ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ಸರದಿಯಂತೆ ತಾಗುತ್ತದೆ. 246 ತಾಗುಗಳ ನಂತರವೇ ಮೊದಲ ಜೋಡಿ ಮತ್ತೆ ಎದುರಾಗುವುದು. ಸವೆತ ಎಲ್ಲರಿಗೂ ಸಮಪಾಲು!

ಇನ್ನೊಂದು ಲೆಕ್ಕ. ಲಾರಿ ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಚಕ್ರದ ಪರಿಧಿ 3.2 ಮೀಟರ್ ಎಂದುಕೊಂಡರೆ ಅದು ಸೆಕೆಂಡಿಗೆ ಸುಮಾರು 3 ಸುತ್ತು ಬರುತ್ತದೆ. ಕ್ರೌನಿನ ಹಲ್ಲುಗಳು ಸೆಕೆಂಡಿಗೆ ಸುಮಾರು 128 ಸಲ ತಾಗುತ್ತವೆ. ಅಂದರೆ 128 ಹರ್ಟ್ಸ್ ಆವರ್ತದ ಝೇಂಕಾರ. ವೇಗ ಎರಡರಷ್ಟಾದರೆ ಆವರ್ತವೂ ಎರಡರಷ್ಟು, ದನಿ ಒಂದು ಸ್ಥಾಯಿ ಮೇಲೇರುತ್ತದೆ. ಕ್ರೌನಿನ ಒಂದೇ ಹಲ್ಲು ಮುರಿದಿದ್ದರೆ ಚಕ್ರದ ಸುತ್ತಿಗೊಮ್ಮೆ ಟಕ್ ಎನ್ನುತ್ತದೆ. ಪಿನಿಯನ್ನಿನ ಹಲ್ಲು ಮುರಿದಿದ್ದರೆ ಸುತ್ತಿಗೆ ಹೆಚ್ಚುಕಡಿಮೆ ಏಳು ಸಲ. ಎಣಿಸಬಲ್ಲವನಿಗೆ ಬಿಚ್ಚುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ. ಇಂದು ಕಂಪನ ಅಳೆಯುವ ಸಂವೇದಕಗಳೂ ಕಂಪ್ಯೂಟರುಗಳೂ ಯಂತ್ರಗಳ ಸದ್ದನ್ನು ಇದೇ ರೀತಿ ವಿಂಗಡಿಸುತ್ತವೆ.

ಬೇರಿಂಗ್ ಬದಲಿಸಬಹುದು, ಕಿವಿಯನ್ನಲ್ಲ

ಅಪ್ಪನ ಕಿವಿಗೆ ಏನಾಗಿತ್ತು? ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳಿವೆ. ಸದ್ದಿನ ಕಂಪನವನ್ನು ನರಕ್ಕೆ ತಲುಪಿಸುವುದು ಇವೇ. ಜೋರಾದ ಸದ್ದು ಬಹಳ ಕಾಲ ಬಡಿದರೆ ಇವು ಸಾಯುತ್ತವೆ. ಮೊದಲು ಕಳೆದುಹೋಗುವುದು ಸಾಮಾನ್ಯವಾಗಿ ತೆಳುವಾದ, ಎತ್ತರದ ದನಿಗಳು. ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಹಬ್ಬಿನ ಬೇರಿಂಗ್ ಚಿತ್ರದುರ್ಗದಲ್ಲಿ ಸಿಗುತ್ತದೆ, ಇದು ಯಾವ ಊರಿನಲ್ಲೂ ಸಿಗದು. ಆದ್ದರಿಂದ ಮಕ್ಕಳೇ, ಜಾತ್ರೆಯ ಧ್ವನಿವರ್ಧಕದ ಮುಂದೆ ನಿಲ್ಲಬೇಡಿ. ಪಟಾಕಿ ಹೊಡೆಯುವಾಗ ದೂರವಿರಿ. ಇಯರ್‌ಫೋನಿನ ದನಿ ತಗ್ಗಿಸಿ.

ಅಪ್ಪನಿಗೆ ಈಗ ಎಪ್ಪತ್ತೈದು ದಾಟಿದೆ. ಶ್ರವಣ ಸಾಧನ ಹಾಕಿಕೊಳ್ಳುತ್ತಾರೆ. ಮನೆಯ ಜಗಲಿಯ ಮೇಲೆ ಕೂತಿರುವಾಗ ಲಾರಿಯೊಂದು ಹಾದುಹೋದರೆ ಈಗಲೂ ನನ್ನ ಕಡೆ ತಿರುಗಿ, "ಏನು ಕೇಳಿಸ್ತು?" ಎನ್ನುತ್ತಾರೆ. ಕೇಳಿಸಿದ್ದನ್ನು ಹೇಳುತ್ತೇನೆ. ಕೇಳಿಸದಿದ್ದರೆ, "ಗೊತ್ತಾಗಲಿಲ್ಲಪ್ಪ" ಎನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ.

ನೀವೇ ಮಾಡಿ ನೋಡಿ

1. ಮೇಜಿನ ಮೇಲೆ ದುಂಡನೆಯ ಪೆನ್ಸಿಲ್ ಇಟ್ಟು, ಅದರ ಮೇಲೆ ಅಡ್ಡವಾಗಿ ಒಂದು ಸ್ಕೇಲ್ ಇಡಿ. ಸ್ಕೇಲನ್ನು ಮೆಲ್ಲಗೆ ಒತ್ತಿ, ಜಾರದಂತೆ ಮುಂದೆ ತಳ್ಳಿ. ಪೆನ್ಸಿಲ್ 5 ಸೆಂ.ಮೀ. ಉರುಳಿದಾಗ ಸ್ಕೇಲ್ ಎಷ್ಟು ಮುಂದೆ ಹೋಯಿತು? 10 ಸೆಂ.ಮೀ. ಅಲ್ಲವೇ? ಮೇಜು ನಿಂತ ಚಕ್ರ, ಪೆನ್ಸಿಲ್ ಸ್ಟಾರ್ ಪಿನಿಯನ್, ಸ್ಕೇಲ್ ತಿರುಗುವ ಚಕ್ರ ಎಂದು ಭಾವಿಸಿ. ಕೆಸರಿನಲ್ಲಿ ಒಂದು ಚಕ್ರ ಏಕೆ ಎರಡರಷ್ಟು ವೇಗವಾಗಿ ತಿರುಗುತ್ತದೆ ಎಂದು ಗೆಳೆಯರೊಂದಿಗೆ ಚರ್ಚಿಸಿ.

2. ಮೇಜಿಗೆ ಕಿವಿ ಇಟ್ಟು, ಗೆಳೆಯನಿಗೆ ಇನ್ನೊಂದು ತುದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಲು ಹೇಳಿ. ಕಿವಿ ಎತ್ತಿ ಮತ್ತೆ ಕೇಳಿ. ವ್ಯತ್ಯಾಸ ಬರೆಯಿರಿ.

3. ಶಾಲೆಯ ಅಂಗಳದಲ್ಲಿ ಐದು ನಿಮಿಷ ಕಣ್ಣು ಮುಚ್ಚಿ ಕೂತು, ಕೇಳಿಸಿದ ಸದ್ದುಗಳ ಪಟ್ಟಿ ಮಾಡಿ. ಎಲ್ಲರ ಪಟ್ಟಿಗಳನ್ನು ಹೋಲಿಸಿ. ಒಬ್ಬರ ಪಟ್ಟಿ ನೋಡಿ ಇನ್ನೊಬ್ಬರು ಬರೆಯುವಂತಿಲ್ಲ!

ಎಚ್ಚರಿಕೆ: ದೊಡ್ಡವರಿಲ್ಲದೆ ವಾಹನದ ಕೆಳಗೆ ನುಸುಳಬೇಡಿ. ತಿರುಗುವ ಯಂತ್ರದ ಹತ್ತಿರ ಕೈ, ಜಡೆ, ಬಟ್ಟೆ ಒಯ್ಯಬೇಡಿ. ಕಿವಿಯೊಳಗೆ ಯಾವ ವಸ್ತುವನ್ನೂ ತೂರಿಸಬೇಡಿ.